ಹಬ್ಬಕ್ಕೆ ಊರಿಗೆ ಹೋಗದ ವಾರ್ಡನ್ನರು

ನಮ್ಮ ಹಳೆಯ ವಾರ್ಡನ್ನರು ತೀರಿಕೊಂಡ ಸುದ್ದಿ ಈ ಆಷಾಢದಲ್ಲಿ ಹಾಸ್ಟೆಲಿನ ಹಳೆಯ ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಬಂತು. ಅರ್ಧ ಗಂಟೆಯೊಳಗೆ ಕೈಮುಗಿದ ಚಿತ್ರಗಳೂ ದೀಪದ ಚಿತ್ರಗಳೂ ಸಾಲುಗಟ್ಟಿದವು. 'ಕರ್ತವ್ಯಕ್ಕಾಗಿ ಹಬ್ಬಹರಿದಿನಗಳನ್ನೇ ತ್ಯಾಗ ಮಾಡಿದ ಮಹಾನುಭಾವರು' ಎಂದು ಒಬ್ಬರು ಬರೆದರು. ಬದುಕಿದ್ದಾಗ ಅವರ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದ ಅಡುಗೆಯವರು, ಸಂಸ್ಥೆಯ ಆಧಾರಸ್ತಂಭ ಉರುಳಿತು ಎಂದರು. ನಾನೂ ಒಂದು 'ಓಂ ಶಾಂತಿ' ಹಾಕಿ, ಬಂಟ್ವಾಳದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಬ್ಬನೇ ಕುಳಿತು ನಕ್ಕೆ. ಸಾವಿಗೆ ನಕ್ಕದ್ದಲ್ಲ. ಆ ತ್ಯಾಗಕ್ಕೆ ನಕ್ಕದ್ದು. ಅದನ್ನು ಹತ್ತಿರದಿಂದ ಕಂಡವನು ನಾನು. ಅದರಲ್ಲಿ ಒಂದು ವರ್ಷ ಪಾಲುದಾರನೂ ಆಗಿದ್ದೆ.

ಮೂಡುಬಿದಿರೆಯ ಒಂದು ವಸತಿ ಕಾಲೇಜಿನ ಹುಡುಗರ ಹಾಸ್ಟೆಲಿಗೆ ಅವರು ವಾರ್ಡನ್, ನಾನು ಅವರ ಕೈಕೆಳಗಿನ ಸಹಾಯಕ. ಬೆಳ್ತಂಗಡಿ ಕಡೆಯವರು, ಮದುವೆಯಾಗಿರಲಿಲ್ಲ, ವಯಸ್ಸು ಐವತ್ತೈದು ದಾಟಿತ್ತು. ತೆಳ್ಳಗಿನ ದೇಹಕ್ಕೆ ಸದಾ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ. ಎದುರಿಗೆ ಬಂದವರೊಡನೆ ಮಾತನಾಡುವ ಮೊದಲು ಒಮ್ಮೆ ವಾಚು ನೋಡಿಕೊಳ್ಳುವರು, ತಮ್ಮ ಸಮಯ ಹಾಳಾಗುತ್ತಿದೆಯೆಂದು ಬಂದವರಿಗೆ ತಿಳಿಯಲಿ ಎಂದು. ಆಮೇಲೆ ಮುಕ್ಕಾಲು ಗಂಟೆ ಬಿಡದೆ ಮಾತನಾಡುವರು.

ಅವರ ಪ್ರತಿಭೆಯೆಲ್ಲ ಸೂಚನಾಫಲಕದಲ್ಲಿ ಅರಳುತ್ತಿತ್ತು. 'ಬಕೆಟುಗಳನ್ನು ಮಗುಚಿಯೇ ಇಡತಕ್ಕದ್ದು. ಮಗುಚದ ಬಕೆಟಿನ ಮುಂದಿನ ಪರಿಣಾಮಗಳಿಗೆ ಆಡಳಿತವು ಹೊಣೆಯಲ್ಲ' ಎಂಬ ಅವರ ಸೂಚನೆ ನನಗೆ ಇಂದಿಗೂ ಬಾಯಿಪಾಠ. ಮಗುಚದ ಬಕೆಟಿಗೆ ಎಂಥ ಪರಿಣಾಮ ಕಾದಿತ್ತೋ ಯಾರಿಗೂ ತಿಳಿಯಲಿಲ್ಲ. ಉತ್ತರ ಕರ್ನಾಟಕದ ಹುಡುಗರ ಕನ್ನಡವನ್ನು ಶುದ್ಧಗೊಳಿಸುವ ಹೊಣೆಯನ್ನೂ ಅವರು ತಾವಾಗಿಯೇ ಹೊತ್ತುಕೊಂಡಿದ್ದರು. ಯಾವನಾದರೂ 'ಐತಿ' ಅಂದರೆ ಅವನನ್ನು ನಿಲ್ಲಿಸಿ, ಅಂಥ ಪದವೇ ಕನ್ನಡದಲ್ಲಿ ಇಲ್ಲವೆಂದೂ ಪುಸ್ತಕದಲ್ಲಿ ಇದ್ದಹಾಗೆ ಹೇಳಬೇಕೆಂದೂ ಅಪ್ಪಣೆ ಮಾಡುವರು. ಹುಡುಗ ಹೆದರಿ "ಇದೆ ಸಾರ್" ಅಂದರೆ, "ಹಾಂ, ಉಂಟು," ಎಂದು ತಿದ್ದುವರು.

ಆದರೆ ಅವರನ್ನು ನಿಜವಾಗಿ ನೋಡಬೇಕಾದದ್ದು ರಜೆ ಶುರುವಾಗುವ ದಿನ. ಹುಡುಗರು ಚೀಲ ಹೊತ್ತು ಇಳಿಯುತ್ತಿರುವಾಗ, ಅಂಗಳದಲ್ಲಿ ಅಪ್ಪಂದಿರ ಕಾರುಗಳು ಹಾರ್ನು ಹೊಡೆಯುತ್ತಿರುವಾಗ, ವಾರ್ಡನ್ನರು ಮೆಟ್ಟಿಲ ಮೇಲೆ ಕೈಕಟ್ಟಿ ನಿಲ್ಲುವರು. ಊರಿಗೆ ಹೊರಟ ಪ್ರತಿಯೊಬ್ಬ ಸಿಬ್ಬಂದಿಯನ್ನೂ ಕನಿಕರದಿಂದ ನೋಡಿ, "ನೀವು ಹೋಗಿ ಬನ್ನಿ. ಇಲ್ಲಿ ನಾನಿದ್ದೇನೆ," ಎನ್ನುವರು. ಗಡಿಯಲ್ಲಿ ಬಂದೂಕು ಹಿಡಿದು ನಿಂತವನ ದನಿ. ಕೇಳಿದವರಿಗೆ ತಾವು ಹೆಂಡತಿ ಮಕ್ಕಳನ್ನು ನೋಡಲು ಹೋಗುತ್ತಿರುವುದು ದೇಶದ್ರೋಹವೇನೋ ಅನಿಸಬೇಕು. ಒಂದು ಹಬ್ಬಕ್ಕೂ ರಜೆ ಹಾಕಿದವರಲ್ಲ ಎಂಬುದು ಅವರ ಕೀರ್ತಿ. ಗೇಟಿನಲ್ಲಿ ಹಗಲಿಗೊಬ್ಬ ರಾತ್ರಿಗೊಬ್ಬ ವಾಚ್‌ಮನ್ ಇದ್ದಾರಲ್ಲ, ಖಾಲಿ ಕಟ್ಟಡಕ್ಕೆ ಮೂರನೆಯವರು ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ತ್ಯಾಗ ಮಾಡುವವರನ್ನು ಹಾಗೆಲ್ಲ ಕೇಳಬಾರದು.

ಇನ್ನು ನನ್ನ ಕತೆ. ನಾನು ಗದಗಿನವನು. ಆ ಕಾಲೇಜಿಗೆ ಉಪನ್ಯಾಸಕನ ಕೆಲಸಕ್ಕೆಂದು ಬಂದು, ಪಾಠ ಮಾಡಿ ತೋರಿಸುವಾಗ ಕರಿಹಲಗೆಯ ಮುಂದೆ ನಾಲಗೆ ಒಣಗಿ ನಿಂತವನು. ಪಾಠ ಬೇಡ, ಹಾಸ್ಟೆಲು ನೋಡಿಕೊಳ್ಳುತ್ತೀರಾ ಎಂದರು. ಒಪ್ಪಿಕೊಂಡೆ. ಬೆಳಿಗ್ಗೆ ಐದಕ್ಕೆ ಸೀಟಿ ಊದಿ ಹುಡುಗರನ್ನು ಎಬ್ಬಿಸುವುದು, ಬಕೆಟು ಮಗುಚಿದೆಯೇ ನೋಡುವುದು ನನ್ನ ಕೆಲಸ. ಮನೆಗೆ ಮಾತ್ರ ಉಪನ್ಯಾಸಕನ ಕೆಲಸ ಸಿಕ್ಕಿತೆಂದು ಹೇಳಿಬಿಟ್ಟಿದ್ದೆ. ಅಪ್ಪ ಟೇಲರ್. ಅವರ ಅಂಗಡಿಗೆ ಅಳತೆ ಕೊಡಲು ಬಂದವರೆಲ್ಲ ಮಗ ಲೆಕ್ಚರರ್ ಆದದ್ದನ್ನು ಕೇಳಿಕೊಂಡೇ ಹೋಗಬೇಕಾಗಿತ್ತು. ದೀಪಾವಳಿಗೆ ಊರಿಗೆ ಹೋದರೆ ಯಾವ ವಿಷಯ, ಎಷ್ಟು ತಾಸು ಪಾಠ ಎಂದು ಕೇಳುವ ಸೋದರಮಾವಂದಿರೇ ನಾಲ್ವರಿದ್ದಾರೆ. ಆದ್ದರಿಂದ ನಾನೂ ಕರ್ತವ್ಯನಿಷ್ಠನಾದೆ. ರಜೆ ಸಿಕ್ಕಲಿಲ್ಲ ಎಂದು ಮನೆಗೆ ಹೇಳಿದೆ. ರಜೆ ಕೇಳಿಯೇ ಇರಲಿಲ್ಲ.

ನಾನು ಉಳಿಯುತ್ತೇನೆಂದಾಗ ವಾರ್ಡನ್ನರು ಕಾರಣ ಕೇಳಲಿಲ್ಲ. ಅವರ ಮುಖ ಅರಳಿದ್ದನ್ನು ಕಂಡು ನನಗೇ ಆಶ್ಚರ್ಯವಾಯಿತು. "ಒಬ್ಬನೇ ಕೂತರೆ ಜನ ಬೇರೆ ಎಂಥದೋ ತಿಳ್ಕೊಳ್ತಾರೆ ಮಾರಾಯ್ರೆ," ಎಂದರು. "ಇಬ್ಬರು ಕೂತರೆ ಡ್ಯೂಟಿ ಅಂತ ಗೊತ್ತಾಗ್ತದೆ."

ಹೀಗೆ ನಾವಿಬ್ಬರೂ ಖಾಲಿ ಹಾಸ್ಟೆಲನ್ನು ಕಾಯತೊಡಗಿದೆವು. ಬೆಳಿಗ್ಗೆ ಐದಕ್ಕೆ ನಾನು ಸೀಟಿ ಊದಬೇಕು, ಅಭ್ಯಾಸ ತಪ್ಪಬಾರದಂತೆ. ಸೀಟಿಗೆ ಸೂರಿನ ಪಾರಿವಾಳಗಳು ಏಳುತ್ತಿದ್ದವು. ಆಮೇಲೆ ಅವರು ಮುಂದೆ, ನಾನು ಹಿಂದೆ, ಬೀಗ ಹಾಕಿದ ಕೋಣೆಗಳ ಬೀಗ ಎಳೆದು ನೋಡುವುದು. ಸಂಜೆ ಹಾಜರಿ ಪುಸ್ತಕದಲ್ಲಿ 'ಎಲ್ಲರೂ ರಜೆಯಲ್ಲಿ' ಎಂದು ಬರೆದು ಅವರು ಸಹಿ ಹಾಕುವುದು, ಕೆಳಗೆ ನಾನು ಹಾಕುವುದು. ಅಡುಗೆಯವರು ಊರಿಗೆ ಹೋಗಿದ್ದರಿಂದ ಎರಡು ಹೊತ್ತೂ ಗಂಜಿ, ಉಪ್ಪಿನಕಾಯಿ. ಸುತ್ತಲಿನ ಮನೆಗಳಿಂದ ಉದ್ದಿನ ದೋಸೆಯ ಪರಿಮಳ ಬಂದಾಗ ಅವರು ಎದ್ದು ಕಿಟಕಿ ಮುಚ್ಚುವರು. ಸೊಳ್ಳೆ ಬರುತ್ತದೆ ಎನ್ನುವರು.

ನರಕಚತುರ್ದಶಿಯ ದಿನ ಅಪ್ಪನ ಫೋನು ಬಂತು. ರಜೆ ಕೊಡದ ಸಾಹೇಬರಿಗೆ ಫೋನು ಕೊಡು, ನಾನೇ ಕೈಮುಗಿದು ಕೇಳುತ್ತೇನೆ ಎಂದರು. ಎದುರಿಗೇ ಇದ್ದ ವಾರ್ಡನ್ನರು ಕೈ ಚಾಚಿ ಫೋನು ತೆಗೆದುಕೊಂಡರು. ಅಪ್ಪ ಆ ಕಡೆಯಿಂದ ಏನು ಹೇಳಿದರೋ, ಇವರು ಒಮ್ಮೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ವಾಚು ನೋಡಿದರು. ನಾನು ರಜೆ ಕೇಳಿಲ್ಲವೆಂಬುದು ಅವರಿಗೆ ಗೊತ್ತಿದ್ದದ್ದೇ. ಮನೆಯಲ್ಲಿ ಉಪನ್ಯಾಸಕನೆಂದು ಹೇಳಿಕೊಂಡದ್ದು ಆಗಲೇ ಗೊತ್ತಾದದ್ದು. ಆಮೇಲೆ ನಿಧಾನವಾಗಿ, ಪುಸ್ತಕ ಓದಿದಂತೆ, ತಮ್ಮ ಮಗನ ಸೇವೆ ಸಂಸ್ಥೆಗೆ ಅನಿವಾರ್ಯವಾಗಿದೆಯೆಂದೂ ಅವರು ಒಂದು ದಿನ ಇಲ್ಲದಿದ್ದರೂ ತೊಂದರೆ ಉಂಟೆಂದೂ ಹೇಳಿದರು. ಫೋನು ಮರಳಿಸಿ ಬೀಗ ನೋಡಲು ಹೋದರು. ಇಷ್ಟು ದೊಡ್ಡ ಸುಳ್ಳನ್ನು ಅಷ್ಟು ಸಲೀಸಾಗಿ ಹೇಳುವವರಿಗೆ ಅಭ್ಯಾಸ ಇದ್ದೇ ಇರಬೇಕೆಂದು ನನಗೆ ಆಗ ಹೊಳೆಯಲಿಲ್ಲ.

ಸುಳ್ಳು ಅಗತ್ಯಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಮಗ ಇಲ್ಲದೆ ಕಾಲೇಜೇ ನಡೆಯುವುದಿಲ್ಲ ಎಂದು ಕೇಳಿದ ಅಪ್ಪ ಹಿಗ್ಗಿ, ಅಮಾವಾಸ್ಯೆಯ ಸಂಜೆ ಅಂಗಡಿಯಲ್ಲಿ ಹೊಲಿಗೆ ಯಂತ್ರಕ್ಕೆ ಪೂಜೆ ಮುಗಿಸಿದವರೇ ಮಂಗಳೂರಿನ ಬಸ್ಸು ಹತ್ತಿದರು. ಪಾಡ್ಯದ ಬೆಳಿಗ್ಗೆ ನಾನು ಕೊರಳಿಗೆ ಸೀಟಿ ಹಾಕಿಕೊಂಡು ಅಂಗಳದಲ್ಲಿ ಹಲ್ಲುಜ್ಜುತ್ತಿದ್ದಾಗ ಗೇಟಿನೊಳಗೆ ಬಂದರು. ಒಂದು ಕೈಯಲ್ಲಿ ಅವ್ವ ಕೊಟ್ಟ ಕರ್ಚಿಕಾಯಿ ಡಬ್ಬಿ, ಇನ್ನೊಂದರಲ್ಲಿ ತಾವೇ ಹೊಲಿದ ಎರಡು ಅಂಗಿ. ಲೆಕ್ಚರರ್ ಅಂಗಿಗೆ ಪೆನ್ನಿಡಲು ಕಿಸೆಯೊಳಗೆ ಬೇರೆ ಪಟ್ಟಿ ಹೊಲಿದಿದ್ದರು.

ಅಪ್ಪ ಮೂರು ಅಂತಸ್ತಿನ ಮುಚ್ಚಿದ ಕಿಟಕಿಗಳನ್ನೆಲ್ಲ ನೋಡಿದರು. ನನ್ನನ್ನು ನೋಡಿದರು. ಟೇಲರನ ಕಣ್ಣು, ಟೇಪು ಇಲ್ಲದೆಯೇ ಅಳೆದುಬಿಡುತ್ತದೆ.

"ಲೆಕ್ಚರರ್ ಕೊಳ್ಳಾಗ ಸೀಟಿ ಯಾಕ?" ಎಂದರು.

ಹಿಂದಿನಿಂದ ವಾರ್ಡನ್ನರ ದನಿ ಬಂತು: "ನಮ್ಮಲ್ಲಿ ಎಲ್ಲ ಉಪನ್ಯಾಸಕರಿಗೂ ಒಂದೊಂದು ಕೊಟ್ಟಿದ್ದೇವೆ."

ಅಪ್ಪ ಮುಂದೆ ಕೇಳಲಿಲ್ಲ. ಕೇಳದೆ ಇದ್ದದ್ದರಿಂದಲೇ ಅವರಿಗೆ ಗೊತ್ತಾಯಿತೆಂದು ನನಗೆ ಗೊತ್ತಾಯಿತು. ಮೂವರೂ ಕಚೇರಿಯಲ್ಲಿ ಕುಳಿತು ಕರ್ಚಿಕಾಯಿ ತಿಂದೆವು. ವಾರ್ಡನ್ನರು ನಾಲ್ಕು ದಿನ ಗಂಜಿ ಕುಡಿದವರಂತೆಯೇ ತಿಂದರು. ತಿನ್ನುತ್ತಲೇ ತಮ್ಮ ಸೇವಾವಧಿಯ ಹಬ್ಬವಿಲ್ಲದ ಇತಿಹಾಸವನ್ನೆಲ್ಲ ಅಪ್ಪನಿಗೆ ವಿವರಿಸಿದರು. ಅಪ್ಪ ಪೂರ್ತಿ ಕೇಳಿ, ತಮ್ಮ ಊರು ಯಾವುದು ಎಂದು ವಿಚಾರಿಸಿದರು. ಬೆಳ್ತಂಗಡಿ, ಅಲ್ಲಿ ಅಕ್ಕನ ಮನೆ ಉಂಟು ಎಂದರು. ಬಸ್ಸಿಗೆ ಎಷ್ಟು ಹೊತ್ತಿನ ದಾರಿ ಎಂದು ಅಪ್ಪ ಕೇಳಿದರು.

"ಒಂದೂವರೆ ಗಂಟೆ," ಎಂದರು ವಾರ್ಡನ್ನರು. ಹೇಳಿದ ಮೇಲೆ ಹೇಳಬಾರದಿತ್ತು ಅನಿಸಿರಬೇಕು. ಬಸ್ಸುಗಳು ಬಹಳ ನಿಧಾನ ಎಂದು ಸೇರಿಸಿದರು.

ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದ ಅಪ್ಪ ಕೈಯಲ್ಲಿದ್ದ ಕರ್ಚಿಕಾಯಿಯನ್ನು ತಟ್ಟೆಯಲ್ಲಿಟ್ಟು, ಇಷ್ಟು ದೂರ ಬಂದ ಮೇಲೆ ಧರ್ಮಸ್ಥಳದ ದರ್ಶನ ಮಾಡಿಯೇ ಹೋಗಬೇಕು, ಸಾಹೇಬರೂ ಬರಬೇಕು ಎಂದರು. ವಾರ್ಡನ್ನರು ಬೆಚ್ಚಿದರು. ಹಾಸ್ಟೆಲು ಬಿಟ್ಟು ಬರುವುದು ಸಾಧ್ಯವೇ ಇಲ್ಲ, ಇಲ್ಲಿ ಯಾರಾದರೂ ಇರಲೇಬೇಕು ಎಂದು ಒಂದೊಂದಾಗಿ ನಿಯಮ ಹೇಳತೊಡಗಿದರು.

"ಕೀಲಿ ಹಾಕ್ರಿ," ಎಂದರು ಅಪ್ಪ. "ಕೀಲಿ ಮಾಡಿದ್ದ ಅದಕ್ಕಲ್ಲೇನ್ರಿ?"

ವಾರ್ಡನ್ನರು ಕೀಲಿಗೊಂಚಲು ತೆಗೆದುಕೊಂಡರು. ಕೀಲಿ ಹಾಕಿ, ನಾಲ್ಕು ಸಲ ಎಳೆದು ನೋಡಿ, ವಾಚ್‌ಮನ್ನನಿಗೆ ಬರೆದೇ ಸೂಚನೆ ಕೊಟ್ಟು ಹೊರಟರು.

ವೇಣೂರು ದಾಟುವವರೆಗೆ ಅವರು ಅಪ್ಪನಿಗೆ ದಾರಿಯ ಬಸದಿ, ಹೊಳೆ, ಶಾಲೆಗಳನ್ನೆಲ್ಲ ತೋರಿಸುತ್ತ ಬಂದರು. ಬೆಳ್ತಂಗಡಿ ಹತ್ತಿರವಾದ ಹಾಗೆ ಮಾತು ಕಡಿಮೆಯಾಯಿತು. ಪೇಟೆಯೊಳಗೆ ಬಸ್ಸು ನಿಂತಾಗ ಕಣ್ಣುಮುಚ್ಚಿ ನಿದ್ದೆ ಹೋದರು. ಹೊರಟ ಕೂಡಲೇ ಎಚ್ಚರವಾಯಿತು.

ಧರ್ಮಸ್ಥಳದಲ್ಲಿ ಜನವೋ ಜನ. ಸರತಿಯ ಸಾಲಿನಲ್ಲಿ ಎರಡು ಗಂಟೆ ನಿಂತೆವು. ಅಪ್ಪ ಅಲ್ಲಿ ಅವರ ಬಾಯಿ ಬಿಡಿಸಿದರು. ನಿಂತಲ್ಲಿಂದ ಓಡುವ ಹಾಗಿಲ್ಲವಲ್ಲ. ಕತೆ ಇಷ್ಟು: ಹನ್ನೊಂದು ವರ್ಷದ ಹಿಂದೆ ಅಕ್ಕನ ಮಗಳ ಮದುವೆ. ಭಾವ ಇಲ್ಲದ ಮನೆಯೆಂದು ವಾರ್ಡನ್ನರೇ ನಿಂತು ಎಲ್ಲ ನಡೆಸಿದ್ದಾರೆ. ಕಲ್ಯಾಣಮಂಟಪದಲ್ಲಿ ಮನೆಮಂದಿಯ ಫೋಟೋ ತೆಗೆಯುವ ಹೊತ್ತಿಗೆ ಇವರು ಮಜ್ಜಿಗೆ ನೀರಾಯಿತೆಂದು ಅಡುಗೆಯವರೊಡನೆ ಜಗಳಕ್ಕೆ ಹೋಗಿದ್ದರು. ಬಂದು ನೋಡಿದರೆ ಫೋಟೋ ಮುಗಿದಿದೆ. ತಮ್ಮನ್ನು ಯಾರೂ ಕರೆಯಲಿಲ್ಲ. ಊಟ ಮಾಡದೆ ಬಂದವರು ಆ ಮನೆಯ ಮೆಟ್ಟಿಲು ಹತ್ತಿಲ್ಲ. ಅಕ್ಕ ಪ್ರತಿ ಹಬ್ಬಕ್ಕೂ ಫೋನು ಮಾಡುತ್ತಾರೆ. ಇವರು ಪ್ರತಿ ಸಲವೂ ಡ್ಯೂಟಿ ಎನ್ನುತ್ತಾರೆ.

ಕನ್ನಡವನ್ನು ತಿದ್ದುವ, ಬಕೆಟನ್ನು ತಿದ್ದುವ ಮನುಷ್ಯ ಇದನ್ನು ಹೇಳುವಾಗ ದನಿ ನಡುಗಿಸಿದರು. ನನಗೆ ನಗು ತಡೆಯಲಾಗದೆ ಮುಂದಿನವರ ಬೆನ್ನು ನೋಡಿದೆ. ಅಪ್ಪ ಮಾತ್ರ ನಗಲಿಲ್ಲ. ಅಕ್ಕ ಕರೆದಿದ್ದರೂ ಇವರಿಗೆ ಕೇಳಿಸದೆ ಇದ್ದಿರಬಹುದಲ್ಲ ಎಂದರು. ಮೈಕಿನಲ್ಲಿ ಕರೆದೆವು ಅಂತ ಹೇಳ್ತಾಳೆ, ಆದರೆ ಮೈಕಿನಲ್ಲಿ ಕರೆಯುವುದು ಒಂದು ಕರೆಯಾ ಎಂದರು ಇವರು.

ದರ್ಶನವಾಯಿತು, ಊಟವಾಯಿತು. ಮರಳುವಾಗ ಬಸ್ಸು ಬೆಳ್ತಂಗಡಿಯಲ್ಲಿ ನಿಂತಿತು. ಅಪ್ಪ ಚಾ ಕುಡಿಯಬೇಕೆಂದು ಇಳಿದರು. ಡ್ರೈವರು ಹಾರ್ನು ಹೊಡೆದರೂ ಅಂಗಡಿಯ ಬೆಂಚಿನಿಂದ ಏಳಲಿಲ್ಲ. ಅಪ್ಪನನ್ನು ಬಿಟ್ಟು ನಾನು ಹೋಗುವ ಹಾಗಿಲ್ಲ, ನನ್ನನ್ನು ಬಿಟ್ಟು ವಾರ್ಡನ್ನರು ಹೋಗುವ ಹಾಗಿಲ್ಲ. ಇಬ್ಬರೂ ಇಳಿದೆವು. ಬಸ್ಸು ಹೋಯಿತು. ಮುಂದಿನ ಬಸ್ಸು ಅರ್ಧ ಗಂಟೆಗೆ ಎಂದು ವಾರ್ಡನ್ನರು ಸಿಟ್ಟಿನಿಂದ ವಾಚು ನೋಡಿದರು. ಅಷ್ಟರಲ್ಲಿ ಅಕ್ಕನನ್ನು ನೋಡಿ ಬರಬಹುದಲ್ಲ ಎಂದು ಅಪ್ಪ ಆಗಲೇ ಆಟೋದಲ್ಲಿ ಕುಳಿತಿದ್ದರು.

ಪೇಟೆಯಿಂದ ಎರಡು ಮೈಲಿಯೂ ಇರಲಿಲ್ಲ. ಸಣ್ಣ ತಾರಸಿ ಮನೆ, ಅಂಗಳದಲ್ಲಿ ಬಲೀಂದ್ರ ಪೂಜೆಗೆ ಹೂ ಜೋಡಿಸುತ್ತಿದ್ದ ಎಪ್ಪತ್ತರ ಹತ್ತಿರದ ಹೆಂಗಸು. ಆಟೋದಿಂದ ಇಳಿದ ತಮ್ಮನನ್ನು ನೋಡಿದರು. ಅಳುತ್ತಾರೆ, ತಬ್ಬಿಕೊಳ್ಳುತ್ತಾರೆ ಎಂದು ಕಾದ ನನಗೆ ನಿರಾಶೆಯಾಯಿತು. ಕಾಲು ತೊಳೆಯಲು ನೀರಿನ ಚೆಂಬು ತಂದು ಮೆಟ್ಟಿಲ ಮೇಲೆ ಕುಕ್ಕಿ, "ಉಳಾಯಿ ಬಲ," ಎಂದರು. ಒಳಗೆ ಬಾ. ಅಷ್ಟೇ.

ಒಳಗೆ ಹೋದ ಹತ್ತು ನಿಮಿಷಕ್ಕೆ ಜಗಳ ಶುರುವಾಯಿತು. ತುಳುವಿನಲ್ಲಿ ನಡೆದರೂ ಮಜ್ಜಿಗೆ, ಮೈಕು, ಫೋಟೋ ಎಂಬ ಮೂರು ಶಬ್ದಗಳಿಂದ ನಮಗೆ ಎಲ್ಲ ತಿಳಿಯುತ್ತಿತ್ತು. ಹಬ್ಬಕ್ಕೆ ಬಂದಿದ್ದ ಅಕ್ಕನ ಮಗಳು ಒಳಗಿನಿಂದ ಮದುವೆಯ ಆಲ್ಬಮ್ ತಂದು, ಆ ಪುಟ ತೆರೆದು ಮಾವನ ಮಡಿಲಲ್ಲಿಟ್ಟಳು. ನಾನೂ ಅಪ್ಪನೂ ಬಗ್ಗಿ ನೋಡಿದೆವು. ನಡುವೆ ಮದುಮಕ್ಕಳು, ಸುತ್ತ ಮನೆಮಂದಿ. ಎಲ್ಲರ ಹಿಂದೆ, ಬಾಗಿಲಿನ ಹತ್ತಿರ, ಒಂದು ಕೈಯಲ್ಲಿ ಮಜ್ಜಿಗೆಯ ಬಕೆಟು ಹಿಡಿದು ಯಾರನ್ನೋ ಬಾಯಿತೆರೆದು ಬೈಯುತ್ತಿರುವ ನಮ್ಮ ವಾರ್ಡನ್ನರು.

ಅಕ್ಕ ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ಇವ ನೋಡದೆಯೇ ಸಿಟ್ಟು ಮಾಡಿದ್ದು. ನೋಡ್ಲಿಕ್ಕೆ ಬಾ ಅಂದ್ರೆ ಡ್ಯೂಟಿ ಉಂಟು ಅಂತಾನೆ."

ವಾರ್ಡನ್ನರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಹನ್ನೊಂದು ದೀಪಾವಳಿಗಳನ್ನು ಗಂಜಿಯಲ್ಲಿ ಕಳೆದ ಮನುಷ್ಯ ಏನು ಹೇಳಬಹುದೆಂದು ನಾವೆಲ್ಲ ಕಾದೆವು.

"ಇದು ಲೆಕ್ಕಕ್ಕಿಲ್ಲ," ಎಂದರು. "ಕಣ್ಣು ಮುಚ್ಚಿದೆ."

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ನಕ್ಕು, ನಗುತ್ತಲೇ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ದೋಸೆಯ ತಟ್ಟೆ ಇತ್ತು. ವಾರ್ಡನ್ನರು ಎಂಟು ದೋಸೆ ತಿಂದು, ಉಪ್ಪು ಸ್ವಲ್ಪ ಹೆಚ್ಚಾಗಿದೆ ಎಂದರು.

ಮುಸ್ಸಂಜೆಗೆ ನಾವು ಹೊರಟಾಗ ಅವರು ಹೊರಡಲಿಲ್ಲ. ಕೀಲಿಗೊಂಚಲನ್ನು ನನ್ನ ಕೈಗೆ ಕೊಟ್ಟು, ಯಾವ ಕೀಲಿ ಯಾವುದಕ್ಕೆ ಎಂದು ಎರಡೆರಡು ಸಲ ಹೇಳಿ, ಹಾಜರಿ ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ಏನೂ ಬರೆಯಬಾರದೆಂದೂ ತಾವೇ ಬಂದು ಬರೆಯುವುದಾಗಿಯೂ ತಿಳಿಸಿದರು. ನಾವು ರಸ್ತೆಗೆ ಬರುವಷ್ಟರಲ್ಲಿ ಹಿಂದೆ ಪಾಡ್ಯದ ವಾಡಿಕೆಯಂತೆ ವಾರ್ಡನ್ನರು ಬಲೀಂದ್ರನನ್ನು ಮನೆಗೆ ಕೂಗಿ ಕರೆಯುವುದು ಕೇಳಿಸಿತು. ಮೂರು ಅಂತಸ್ತಿಗೂ ಕೇಳುವಂತೆ ಕಿರುಚಿ ಪಳಗಿದ ಗಂಟಲು. ಆ ವರ್ಷ ಬಲಿ ಚಕ್ರವರ್ತಿ ಬೇರೆಯವರ ಮನೆಗೆ ಹೋಗಲು ಹೆದರಿರಬೇಕು.

ಬಸ್ಸಿನಲ್ಲಿ ಅಪ್ಪ ಮತ್ತು ನಾನು ಇಬ್ಬರೇ. ಗುರುವಾಯನಕೆರೆ ದಾಟಿದ ಮೇಲೆ ನಾನೇ ಹೇಳಿದೆ: ಡೆಮೋ ಪಾಠ, ಕರಿಹಲಗೆ, ಸೀಟಿ ಎಲ್ಲವನ್ನೂ. ಅಪ್ಪ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಗೊತ್ತಾತು ಬಿಡು," ಎಂದರು. "ನಾ ಓಣಿ ತುಂಬ ಲೆಕ್ಚರರ್ ಅಂತ ಹೇಳಿಬಿಟ್ಟೇನಿ. ಈಗ ಒಬ್ಬೊಬ್ಬರ ಮನಿಗೆ ಹೋಗಿ ಅಲ್ಲ ಅಂತ ಹೇಳಾಕ ನನಗ ಆಗೂದಿಲ್ಲ. ನೀನ ಆಗಿಬಿಡು."

ಬೈದಿದ್ದರೆ ಒಳ್ಳೆಯದಿತ್ತು. ಬೈಗುಳವಾದರೆ ಆ ದಿನಕ್ಕೆ ಮುಗಿಯುತ್ತದೆ. ಇದು ಎರಡು ವರ್ಷ ನನ್ನನ್ನು ಪುಸ್ತಕದ ಮುಂದೆ ಕೂಡಿಸಿತು. ಕೊನೆಗೂ ನಾನಾದದ್ದು ಬಂಟ್ವಾಳದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಓಣಿಯಲ್ಲಿ ಈಗಲೂ ಲೆಕ್ಚರರೇ.

ವಾರ್ಡನ್ನರು ಬದಲಾದರೆಂದು ಯಾರೂ ತಿಳಿಯಬಾರದು. ಮರುದಿನ ಮಧ್ಯಾಹ್ನ ಬಂದು ತಮ್ಮ ಹೆಸರಿನ ಮುಂದೆ 'ಕಾರ್ಯನಿಮಿತ್ತ ಬೆಳ್ತಂಗಡಿ' ಎಂದು ಬರೆದರು. ಯುಗಾದಿಗೆ, ಚೌತಿಗೆ ಮೊದಲಿನಂತೆಯೇ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತರು. ದೀಪಾವಳಿಗೆ ಮಾತ್ರ ಒಂದು ದಿನ 'ಕಾರ್ಯನಿಮಿತ್ತ' ಹೋಗಿ, ಅಕ್ಕ ಏನೇನು ತಪ್ಪು ಮಾಡಿದಳೆಂದು ಹಿಂದಿರುಗಿ ನನಗೆ ಒಂದು ವಾರ ಹೇಳುತ್ತಿದ್ದರು. ನಿವೃತ್ತರಾದ ಮೇಲೆ ಅಕ್ಕನ ಮನೆಗೇ ಹೋದರು. ಅಲ್ಲಿ ಅಕ್ಕನೊಡನೆ ದಿನಕ್ಕೊಂದು ಜಗಳವಾಡುತ್ತ ಮೂರು ವರ್ಷ ಸುಖವಾಗಿದ್ದು ತೀರಿಕೊಂಡರು.

ಅಂತ್ಯಕ್ರಿಯೆಗೆ ನಾನು ಹೋಗಲಿಲ್ಲ. ಶಾಲೆಯಲ್ಲಿ ಪರೀಕ್ಷೆಯ ಕೆಲಸವಿತ್ತು. ಹೋಗಬಹುದಿತ್ತು. ದೀಪಾವಳಿಗೆ ಐದು ದಿನವಿದೆ ಎನ್ನುವಾಗ, ಮೊನ್ನೆ ಭಾನುವಾರ ಹೋದೆ. ಅಕ್ಕ ಚಾ ಕೊಟ್ಟರು. ಈ ವರ್ಷ ನಮ್ಮ ಮನೆಯಲ್ಲಿ ಹಬ್ಬ ಇಲ್ಲ ಎಂದರು. ಮನೆಯಲ್ಲಿ ಮಾತಿಲ್ಲದೆ ಕಿವಿ ನೋಯುತ್ತದೆ ಎಂದರು. ಆಮೇಲೆ ನೀವು ಹಬ್ಬಕ್ಕೆ ಊರಿಗೆ ಹೋಗುವುದು ಯಾವಾಗ ಎಂದು ಕೇಳಿದರು. ಉತ್ತರಪತ್ರಿಕೆ ತಿದ್ದುವುದಿದೆ, ಈ ಸಲ ಆಗಲಿಕ್ಕಿಲ್ಲ ಎಂದೆ. ಎರಡು ವರ್ಷದಿಂದ ಅದನ್ನೇ ಹೇಳುತ್ತಿದ್ದೇನೆ. ಹೇಳುವಾಗ ಕಷ್ಟವೇ ಆಗುವುದಿಲ್ಲ ಈಗ.

ಅವರು ನನ್ನನ್ನು ಒಮ್ಮೆ ನೋಡಿ ಎದ್ದು ಹಿತ್ತಲಿಗೆ ಹೋದರು. ಬರುವಾಗ ಕೈಯಲ್ಲಿ ಒಂದು ಚಿಪ್ಪು ಕದಳಿ ಬಾಳೆ ಇತ್ತು, ಇನ್ನೂ ಹಸಿರು.

"ನಿಮ್ಮ ಅಪ್ಪನಿಗೆ," ಎಂದರು. "ನಾಲ್ಕು ದಿನದಲ್ಲಿ ಹಣ್ಣಾಗ್ತದೆ. ಮತ್ತೆ ಇಟ್ರೆ ಹಾಳು."

ಗೇಟು ಹಾಕಿಕೊಂಡು ಒಳಗೆ ಹೋದರು. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಬಸ್ಸು ಇಳಿಯುವಾಗ ಚೀಲದೊಳಗೆ ನೋಡಿದೆ. ಮೇಲಿನ ಎರಡು ಕಾಯಿ ಆಗಲೇ ಅರಸಿನ ಬಣ್ಣಕ್ಕೆ ತಿರುಗತೊಡಗಿದ್ದವು. ಮನೆಯ ಕಡೆ ಹೋಗದೆ, ಗದಗಿನ ಬಸ್ಸಿಗೆ ಸೀಟು ಕಾದಿರಿಸುವ ಕಿಟಕಿಯ ಮುಂದೆ ಹೋಗಿ ನಿಂತೆ.